ಸತ್ತವನ ಭಾನುವಾರದ ಸಹಿ

"ಐದು ಪೆನ್ನು ಯಾಕಮ್ಮ?"

ಸಬ್ ಇನ್‌ಸ್ಪೆಕ್ಟರ್ ಬಿಂದುಶ್ರೀ ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಪೆನ್ನುಗಳನ್ನು ನೋಡಿದಳು. ಎರಡು ನೀಲಿ, ಎರಡು ಕಪ್ಪು, ಒಂದು ಹಸಿರು. ಎದುರಿನ ಬೆಂಚಿನ ತುದಿಯಲ್ಲಿ ಕೂತಿದ್ದ ಚಿಕ್ಕಲಕ್ಷ್ಮಮ್ಮ ಗಂಡನ ಖಾಲಿ ಬಟ್ಟೆಚೀಲವನ್ನು ಮಡಿಚುವುದು, ಬಿಚ್ಚುವುದು, ಮತ್ತೆ ಮಡಿಚುವುದು ಮಾಡುತ್ತಿದ್ದಳು.

"ದಿನಕ್ಕೊಂದು ಪೆನ್ನು ಕಣವ್ವ. ಒಂದೇ ಪೆನ್ನಲ್ಲಿ ಏಳು ದಿನ ಬರುದ್ರೆ ಒಂದೇ ದಿನ ಕೂತು ಬರ್ದಂಗೆ ಕಾಣ್ತದೆ ಅನ್ನೋರು ನಮ್ಮೋರು."

ಬಿಂದುಶ್ರೀಯ ಬೆರಳು ಹಸಿರು ಪೆನ್ನಿನ ಮೇಲೆ ನಿಂತಿತು. "ಒಂದೇ ದಿನ ಕೂತು ಬರೀತಿದ್ರಾ?"

"ಇನ್ನೇನ್ ಮತ್ತೆ. ಇಪ್ಪತ್ತು ಮಿಲ್ಲು ಇದ್ದೋ ಅವ್ರ ಕೈಲಿ. ಅರಕಲಗೂಡಿನವು ಸೋಮವಾರ, ಕಾಂತರಾಜಪ್ಪನ ಮಿಲ್ಲು ಮಂಗಳವಾರ, ಚನ್ನರಾಯಪಟ್ಟಣದ ಕಡೇವು ಬುಧವಾರ. ಕಾಂತರಾಜಪ್ಪನ ಮಿಲ್ಲಲ್ಲಿ ಮಂಗಳವಾರ ಕೂತ್ರೆ ಮುಂದ್ಲ ಸೋಮವಾರದ ಗಂಟ ಬರ್ದು ಏಳೋರು. ನಾನೇ ಆಡ್ಕೋತಿದ್ದೆ, 'ನೀನು ವಾರಕ್ಕೆ ಒಂದೇ ದಿನ ಬದುಕ್ತೀಯ ಕಣಯ್ಯ, ಮಿಕ್ಕ ಆರು ದಿನಾನೂ ಮುಂಚೇನೇ ಬದುಕ್ಬುಟ್ಟಿರ್ತೀಯ' ಅಂತ."

ಕಲ್ಲುಗುಡ್ಡೆ ಠಾಣೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಶನಿವಾರ ಬೆಳಿಗ್ಗೆ ಕಾಂತರಾಜುವಿನ ನಾರು ಮಿಲ್ಲಿನಲ್ಲಿ, ತೆಂಗಿನ ಮಟ್ಟೆ ನೆನೆಹಾಕುವ ಹೊಂಡದೊಳಗೆ, ಮಿಲ್ಲುಗಳ ರಿಜಿಸ್ಟರು ಬರೆದುಕೊಡುತ್ತಿದ್ದ ಅವಳ ಗಂಡ ಸಣ್ಣಯ್ಯನ ಹೆಣ, ತಲೆಗೆ ಏಟು ಬಿದ್ದದ್ದು, ಸಿಕ್ಕಿತ್ತು. ಇವತ್ತು ಸೋಮವಾರ.

ನೀರಲ್ಲಿ ನೆನೆದ ಹೆಣ. ಸತ್ತು ಒಂದು ದಿನವೂ ಆಗಿರಬಹುದು, ನಾಲ್ಕೂ ಆಗಿರಬಹುದು ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಶುಕ್ರವಾರ ಎಂದು ತೀರ್ಪು ಕೊಟ್ಟದ್ದು ಡಾಕ್ಟರಲ್ಲ, ರಿಜಿಸ್ಟರು. ಮಿಲ್ಲಿನ ಬೆಂಕಿ ರಿಜಿಸ್ಟರಿನಲ್ಲಿ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ 'ಮರಳಿನ ಬಕೆಟ್ಟುಗಳು ತುಂಬಿವೆ' ಎಂದು ಬರೆದು ಸಣ್ಣಯ್ಯ ಸಹಿ ಹಾಕಿದ್ದ. ಆ ದಿನ ಮಿಲ್ಲಿನವರೆಲ್ಲ ಬೀಗರೂಟಕ್ಕೆ ಹೋಗಿದ್ದರು. ಉಳಿದವನು ಮೆಷಿನ್ ಆಪರೇಟರ್ ಮನೋಹರ ಒಬ್ಬನೇ. ಮಾಲೀಕ ಕಾಂತರಾಜು ಹಗಲಿಡೀ ಹಾಸನದ ಕಚೇರಿಯೊಂದರಲ್ಲಿ ಟೋಕನ್ ಹಿಡಿದು ಕೂತಿದ್ದಕ್ಕೆ ಕ್ಯಾಮೆರಾ ಸಾಕ್ಷಿ ಇತ್ತು.

ಆ ಶುಕ್ರವಾರವನ್ನು ಸಣ್ಣಯ್ಯ ಮಂಗಳವಾರವೇ ಬರೆದು ಮುಗಿಸಿದ್ದರೆ?

"ಬುಧವಾರ ಅವರು ಚನ್ನರಾಯಪಟ್ಟಣಕ್ಕೆ ಹೋಗಿದ್ರಾ?"

"ಇಲ್ವಂತೆ. ನಾನೇ ಫೋನ್ ಮಾಡಿ ಕೇಳ್ದೆ. 'ಬರ್ಲಿಲ್ಲ ಕಣಮ್ಮ, ಆದ್ರೆ ಪೊಲೀಸ್ನೋರು ಕೇಳುದ್ರೆ ನಾವು ಸಣ್ಣಯ್ಯ ಅನ್ನೋರ್ನ ನೋಡೇ ಇಲ್ಲ ಅಂತೀವಿ' ಅಂದ್ರು. ನಮ್ಮೋರ್ನ ನೋಡಿದ್ದೀವಿ ಅಂದ್ರೆ ಆ ಮಿಲ್ಲಿನೋರ ಪುಸ್ತಕ ಎಲ್ಲಾನೂ ಸುಳ್ಳು ಅಂತ ಒಪ್ಕಂಡಂಗಲ್ವ."

ಚೀಲದ ಮಡಿಕೆ ನಿಂತಿತು. "ಸೋಮವಾರ ಮನೆ ಬುಟ್ರೆ ಶನಿವಾರವೇ ತಿರುಗಿ ಬರೋರು. ಹೋದ ಸೋಮವಾರ ಬುಡೋವಾಗ ಒಂದ್ ಮಾತು ಅಂದಿದ್ರು. 'ಈ ಸಲ ಒಂದು ನಿಜ ಬರೀಬೇಕಾಗದೆ ಕಣಮ್ಮಿ' ಅಂತ. ನಿಜ ಬರ್ಯೋಕೆ ಯಾವ ಪೆನ್ನು ಅಂದೆ. ನಗ್ಲಿಲ್ಲ."

ಬಿಂದುಶ್ರೀ ಎದ್ದು ಲಾಕಪ್ಪಿನ ಸರಳಿನ ಹತ್ತಿರ ಹೋದಳು. ಒಳಗೆ ಮನೋಹರ ಗೋಡೆಗೆ ಒರಗದೆ ಕೂತಿದ್ದ. ಸುಣ್ಣ ಬಟ್ಟೆಗೆ ಹತ್ತುತ್ತದೆ, ಕೋರ್ಟಿಗೆ ಹೋಗಬೇಕಲ್ಲ ಎಂಬಂತೆ.

"ಮಂಗಳವಾರ ಎಲ್ಲಿದ್ದೆ?"

"ಹಾಸನದಾಗೆ, ಮೇಡಂ. ನಮ್ಮವ್ವಂಗೆ ಕಣ್ಣಿನ ಆಪರೇಷನ್. ಬೆಳಿಗ್ಗೆ ಆರಕ್ಕೆ ಹೋಗಿ, ಬುಧವಾರ ಸಂಜೆ ಬಂದೊ. ಆಸ್ಪತ್ರೆ ಚೀಟಿ ಐತೆ."

"ಇದನ್ನ ಯಾಕೆ ಹೇಳ್ಲಿಲ್ಲ?"

"ಮಂಗಳವಾರದ್ದು ಯಾರ್ ಕೇಳುದ್ರು? ಎಲ್ರೂ ಶುಕ್ರವಾರ ಎಲ್ಲಿದ್ದೆ ಶುಕ್ರವಾರ ಎಲ್ಲಿದ್ದೆ ಅಂದ್ರು. ಮಿಲ್ಲಲ್ಲಿದ್ದೆ ಅಂದೆ. ನಿಜ ಹೇಳಿದ್ದಕ್ಕೆ ಒಳಗಿವ್ನಿ."

ಅವನನ್ನು ಹಿಡಿದದ್ದು ನಿನ್ನೆ ಸಂಜೆ ಐದಕ್ಕೆ. ಇಪ್ಪತ್ನಾಲ್ಕು ಗಂಟೆಯೊಳಗೆ ಹೊಳೆನರಸೀಪುರದ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸುವಾಗ ಕಾಗದದಲ್ಲಿ ಶುಕ್ರವಾರವೇ ಇದ್ದರೆ, ಅಲ್ಲಿಂದ ನೇರ ಜೈಲು.

"ನಾಲ್ಕು ಗಂಟೆಗೆ ಹಾಜರು, ಮೇಡಂ." ಹಿಂದಿನಿಂದ ಎಎಸ್‌ಐ ಬೈರಯ್ಯನ ದನಿ. ಇಪ್ಪತ್ತೆಂಟು ವರ್ಷ ಸರ್ವೀಸಿನ ಮನುಷ್ಯ. ತಲೆ ಎತ್ತದೆ ಬರೆಯುತ್ತಲೇ ಇದ್ದ. ಬಂದೂಕಿಗಿಂತ ಪೆನ್ನು ಹೆಚ್ಚು ಸವೆಸಿದವನು. ಸಂಜೆಯ ಗಸ್ತನ್ನು ಮಧ್ಯಾಹ್ನವೇ ಬರೆದು ಮುಗಿಸಿ ನಿಶ್ಚಿಂತೆಯಾಗಿ ಊಟಕ್ಕೆ ಹೋಗುವುದು ಅವನ ಪದ್ಧತಿ. "ನಾನೇ ಕರ್ಕೊಂಡು ಹೊರಡ್ಲಾ?"

"ನಾನು ಬರೋ ತನಕ ಬೇಡ. ಮೂರೂವರೆಗೆ ಬರ್ತೀನಿ."

"ಆಗ್ಲಿ." ಪೆನ್ನು ನಿಲ್ಲಲಿಲ್ಲ.

ಅವಳು ಬೀರುವಿನಲ್ಲಿದ್ದ ಬೆಂಕಿ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬೈಕ್ ಹತ್ತಿದಳು.

ಮಿಲ್ಲು ಹೆಸರಿಗೆ ತಕ್ಕಂತೆ ನಾರುತ್ತಿತ್ತು. ಶನಿವಾರದಿಂದ ಮೆಷಿನ್ ನಿಂತಿದ್ದರೂ ಕಂದು ಪುಡಿ ಮಾತ್ರ ಗಾಳಿಯಲ್ಲಿ ಕೆಲಸ ಮಾಡುತ್ತಲೇ ಇತ್ತು. ಅಂಗಳದಲ್ಲಿ ಒಣಹಾಕಿದ್ದ ನಾರನ್ನು ಮಗುಚುವವರಿಲ್ಲದೆ ಮೇಲ್ಭಾಗ ಬಿಳಿಚಿಕೊಂಡಿತ್ತು. ಆಫೀಸು ಕೋಣೆಯ ಗೋಡೆ ತುಂಬ ಚೌಕಟ್ಟು ಹಾಕಿದ ಪರವಾನಗಿಗಳು. ಜಾಗ ಸಾಲದೆ ಪಟದ ನರಸಿಂಹಸ್ವಾಮಿ ಬಾಗಿಲ ಹಿಂದಕ್ಕೆ ಸರಿದಿದ್ದ.

"ಬೂಟು ಬಿಡೋದೇನ್ ಬೇಡ ಮೇಡಂ," ಎಂದ ಕಾಂತರಾಜು. ಐವತ್ತರ ಗಟ್ಟಿ ಆಳು, ಹುಬ್ಬಿನ ಮೇಲೆಲ್ಲ ನಾರಿನ ಪುಡಿ. "ಈ ಕೋಣೇಲಿ ದೇವ್ರು ಒಬ್ನೇ, ಲೈಸೆನ್ಸು ಹದಿನಾಲ್ಕು."

ಬಿಂದುಶ್ರೀ ಕಿಟಕಿಯಿಂದ ಹೊಂಡ ನೋಡಿದಳು. ಅರ್ಧಕ್ಕೆ ಮಣ್ಣು ತುಂಬಿತ್ತು. ಇನ್ನರ್ಧದಲ್ಲಿ ಕಾಫಿ ಡಿಕಾಕ್ಷನ್ನಿನಂಥ ನೀರು.

"ಅದ್ಯಾಕೆ ಅರ್ಧ?"

"ನೀರಿನೋರು ಬಂದ್ರು." ಕಾಂತರಾಜು ದನಿಯನ್ನು ಮೂಗಿಗೆ ಏರಿಸಿ, ಎಳೆದೆಳೆದು, ಕನ್ನಡಕದ ಮೇಲಿಂದ ನೋಡುವವನ ಹಾಗೆ ಗದ್ದ ತಗ್ಗಿಸಿದ. "'ಏನ್ರೀ ಇದೂ, ಹೊಂಡಾ. ಕಪ್ಪು ನೀರು ಊರಬಾವಿಗೆ ಇಳಿಯುತ್ತೇ. ಹದಿನೈದು ದಿನದಲ್ಲಿ ಮುಚ್ಚತಕ್ಕದ್ದೂ.' ಆಯ್ತು ಸಾ ಅಂದೆ. ಮುಂದ್ಲ ವಾರ ಬೆಂಕಿಯೋರು." ಈಗ ದನಿ ಹೊಟ್ಟೆಗಿಳಿಯಿತು, ಎರಡು ಪದಕ್ಕೊಂದು ಕೆಮ್ಮು. "'ನಾರು ಹತ್ಕೊಂಡ್ರೆ… ಹ್ಞುಂ… ಊರೇ ಉಳಿಯಲ್ಲ. ಹೊಂಡ ಯಾವಾಗ್ಲೂ… ಹ್ಞುಂ… ತುಂಬಿರ್ಬೇಕು.' ಅದಕ್ಕೂ ಆಯ್ತು ಸಾ ಅಂದೆ. ಅರ್ಧ ಮುಚ್ಚಿ, ಅರ್ಧ ತುಂಬಿಸ್ದೆ. ಈಗ ಇಬ್ರ ಲೆಕ್ಕದಲ್ಲೂ ಅರ್ಧರ್ಧ ತಪ್ಪಿತಸ್ಥ."

ಗೋಡೆಯ ಮೇಲೆ ಎರಡು ನೋಟಿಸುಗಳೂ ಅಕ್ಕಪಕ್ಕ ಅಂಟಿದ್ದವು, ಜಗಳವಾಡಿ ಮಾತು ಬಿಟ್ಟ ಓರಗಿತ್ತಿಯರ ಹಾಗೆ. ನಗು ಬಂತು, ಬಿಂದುಶ್ರೀ ಅದನ್ನು ವಾಚಿನ ಕಡೆ ತಿರುಗಿಸಿದಳು. ಎರಡು ಹದಿನೈದು.

"ಪುಡಿ ಹಾರ್ತದೆ, ಕಿಟಕಿ ಮುಚ್ಚು ಅಂತಾರೆ ಒಬ್ರು. ಕೆಲಸದೋರಿಗೆ ಗಾಳಿ ಬೇಕು, ಕಿಟಕಿ ತೆಗಿ ಅಂತಾರೆ ಇನ್ನೊಬ್ರು. ನಂದು ಹನ್ನೊಂದು ಆಳಿನ ಮಿಲ್ಲು ಮೇಡಂ. ರಿಜಿಸ್ಟರು ಇಪ್ಪತ್ಮೂರು. ಆಳಿಗೆ ಎರಡೆರಡು ಹೊರಿಸಿದ್ರೂ ಒಂದು ಮಿಗ್ತದೆ. ನಾನು ನಾರು ತೆಗೀಲೋ, ಕಾಗದ ತೆಗೀಲೋ? ಕಾನೂನು ಬೇಡ ಅಂದೋನಲ್ಲ ನಾನು. ಒಂದು ರೂಲು ಕೊಡಿ, ತಲೆ ಮೇಲೆ ಹೊತ್ಕೋತೀನಿ. ಒಂದರ ಮೇಲೊಂದು ಒಂದರ ಮೇಲೊಂದು ಹೊರಿಸಿದ್ರೆ ನಿಯಮದಲ್ಲಿ ಕಾಣೋದು ಯಮ ಒಬ್ನೇ."

"ಅದಕ್ಕೇ ಸಣ್ಣಯ್ಯ."

"ಎಲ್ರಿಗೂ ಅವ್ರೇ."

"ರಿಜಿಸ್ಟರ್ ತೆಗೀರಿ."

ಕಾಂತರಾಜು ಬೀರುವಿನಿಂದ ಎರಡು ಕಂತೆ ಎತ್ತಿ ಮೇಜಿನ ಮೇಲೆ ಹಾಕಿದ. ಅವಳು ತಂದ ಬೆಂಕಿಯದನ್ನೂ ಸೇರಿಸಿ ಎಣಿಸಿದಾಗ ಇಪ್ಪತ್ತೊಂದು.

"ಎರಡು ಕಮ್ಮಿ."

"ಒಂದು ಆ ಪೆಟ್ಟಿಗೇಲಿ. ಪ್ರಥಮ ಚಿಕಿತ್ಸೆದು. ಪೆಟ್ಟಿಗೆ ಒಳಗೇ ಇರ್ಬೇಕು ಅಂತ ರೂಲು."

"ಇನ್ನೊಂದು?"

ಮಿಮಿಕ್ರಿ ನಿಂತಿತು. "ಕಾಣ್ತಿಲ್ಲ."

"ಯಾವ್ದು?"

"ಅಪಘಾತದ್ದು."

ಬಿಂದುಶ್ರೀ ಆ ಮಾತನ್ನು ಅಲ್ಲೇ ಬಿಟ್ಟಳು, ಮತ್ತೆ ಎತ್ತಿಕೊಳ್ಳುವುದಿತ್ತು. ಬೆಂಕಿ ರಿಜಿಸ್ಟರನ್ನು ಬೆಳಕಿಗೆ ಹಿಡಿದಳು. ಶುಕ್ರವಾರದ ಹಾಳೆ. ಅದರ ನಂತರ ಖಾಲಿ ಹಾಳೆ. ನಡುವೆ, ಹೊಲಿಗೆಯ ಸಂದಿನಲ್ಲಿ, ಬ್ಲೇಡಿನಿಂದ ಕತ್ತರಿಸಿದ ಮೂರು ಹಾಳೆಗಳ ಅಂಚು. ಎರಡು ದಿನದಿಂದ ಈ ಪುಸ್ತಕ ಠಾಣೆಯ ಬೀರುವಿನಲ್ಲಿತ್ತು, ಯಾರೂ ಬೆನ್ನು ಬಿಡಿಸಿ ನೋಡಿರಲಿಲ್ಲ.

ದೂಳಿನ ರಿಜಿಸ್ಟರು. ಮೂರು ಅಂಚು. ಜನರೇಟರಿನದು. ಮೂರು ಅಂಚು. ಕುಡಿಯುವ ನೀರು, ಶಬ್ದ, ಶೌಚಾಲಯ. ಮೂರು, ಮೂರು, ಮೂರು. ಶನಿವಾರ, ಭಾನುವಾರ, ಸೋಮವಾರ. ಯಾರೋ ತಾಳ್ಮೆಯಿಂದ ಕೂತು ಇಪ್ಪತ್ತೊಂದು ಪುಸ್ತಕಗಳಿಂದ ಮೂರು ಮೂರು ದಿನ ಕತ್ತರಿಸಿದ್ದರು, ಸತ್ತವನು ಸತ್ತ ಮೇಲೆ ಬರೆದದ್ದು ಒಂದಕ್ಷರವೂ ಉಳಿಯದ ಹಾಗೆ.

ಅವಳು ಗೋಡೆಯ ಪೆಟ್ಟಿಗೆ ತೆಗೆದಳು. ಹಳದಿಗಟ್ಟಿದ ಹತ್ತಿ, ಎರಡು ಸುತ್ತು ಬ್ಯಾಂಡೇಜು, ಅವಧಿ ಮುಗಿದ ಟಿಂಚರು. ಮೊಳೆಗೆ ದಾರ ಕಟ್ಟಿ ನೇತುಬಿಟ್ಟಿದ್ದ ಅಂಗೈ ಅಗಲದ ಪುಸ್ತಕ.

ಶುಕ್ರವಾರ, ಕಪ್ಪು ಶಾಯಿ. ಶನಿವಾರ, ನೀಲಿ. ಭಾನುವಾರ, ಕಪ್ಪು: 'ಪೆಟ್ಟಿಗೆ ತೆರೆದು ನೋಡಲಾಯಿತು. ಬ್ಯಾಂಡೇಜು ೨. ಸರಿ ಇದೆ.' ಸೋಮವಾರ, ಹಸಿರು: 'ಸರಿ ಇದೆ.' ಒಂದೊಂದರ ಕೆಳಗೂ ಬಾಲ ಸುತ್ತಿದ ಅದೇ ಸಹಿ.

ಕತ್ತರಿಸಿದವನಿಗೆ ಇಪ್ಪತ್ತೊಂದು ನೆನಪಿತ್ತು. ಇಪ್ಪತ್ತೆರಡನೆಯದು ಅವನಿಗೂ ಹೆಚ್ಚಾಗಿತ್ತು.

ಬಿಂದುಶ್ರೀ ಪುಸ್ತಕ ತೆರೆದುಕೊಂಡೇ ತಿರುಗಿದಳು. "ಶನಿವಾರ ಬೆಳಿಗ್ಗೆ ಹೊಂಡದಿಂದ ಎತ್ತಿದ ಮನುಷ್ಯ ಭಾನುವಾರ ಬಂದು ಬ್ಯಾಂಡೇಜು ಎಣಿಸವ್ನೆ, ಕಾಂತರಾಜು. ಓವರ್‌ಟೈಮ್ ಕೊಟ್ರಾ?"

ಕಾಂತರಾಜು ಕುರ್ಚಿ ಹುಡುಕಿಕೊಂಡು ಕೂತ.

"ಇವತ್ತಿನದೂ ಬರ್ದವ್ನೆ. ಹಂಗಾದ್ರೆ ಶುಕ್ರವಾರದ್ದನ್ನೂ ಶುಕ್ರವಾರ ಬರ್ದಿಲ್ಲ. ಎಲ್ಲಾ ಮಂಗಳವಾರದ್ದು. ಬುಧವಾರ ಅವನು ಎಲ್ಲೂ ಹೋಗಿಲ್ಲ. ಮಂಗಳವಾರ ಮನೋಹರ ಹಾಸನದ ಆಸ್ಪತ್ರೇಲಿದ್ದ. ನೀವು ಎಲ್ಲಿದ್ರಿ?"

"ಇಲ್ಲೇ."

"ಸಣ್ಣಯ್ಯನ ಜೊತೆ?"

"ಮಧ್ಯಾಹ್ನದ ತನಕ. ಆಮೇಲೆ ತೋಟಕ್ಕೆ ಹೋದೆ. ಅವ್ರು ಬರ್ಕೊಂಡು ಕೂತಿದ್ರು."

"ಒಂದು ನಿಜ ಬರೀಬೇಕು ಅಂತ ಬಂದಿದ್ದ. ಅಪಘಾತದ ಪುಸ್ತಕದಲ್ಲಿ ಏನಿತ್ತು?"

ಕಾಂತರಾಜು ಹುಬ್ಬಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡ. ಆಮೇಲೆ ಡ್ರಾಯರ್ ಎಳೆದು ಒಂದು ಫೈಲು ತೆಗೆದು, ಅದರ ಮೇಲಿನ ಹಾಳೆಯನ್ನು ಅವಳ ಕಡೆ ತಿರುಗಿಸಿದ.

"ಇದನ್ನ ನೋಡ್ಬುಡಿ. ನೋಡಿದ್ಮೇಲೂ ಕೇಳ್ಬೇಕು ಅನ್ಸಿದ್ರೆ ಕೇಳಿ."

ನಲವತ್ತೊಂದು ಕಾಲಮ್ಮಿನ ನಮೂನೆ. ಎಲ್ಲೋ ಒಂದು ಮಿಲ್ಲಿಗೆ ಬೆಂಕಿ ಬಿದ್ದದ್ದಕ್ಕೆ, ಏಳು ದಿನದಲ್ಲಿ ತಮ್ಮ ಸರಹದ್ದಿನ ಎಲ್ಲ ನಾರು ಮಿಲ್ಲುಗಳನ್ನೂ ಠಾಣಾಧಿಕಾರಿಯೇ ಖುದ್ದು ತಪಾಸಣೆ ಮಾಡಿ ವರದಿ ಕಳಿಸಬೇಕೆಂದು ಆದೇಶ ಬಂದಿತ್ತು. ಮಿಲ್ಲುಗಳು ಮೂವತ್ತೆಂಟು. ಅವಳು ಹೋದದ್ದು ಒಂಬತ್ತಕ್ಕೆ.

ತಪಾಸಣೆ ದಿನಾಂಕದ ಮುಂದೆ ಗುರುವಾರ. ಹಾಜರಿದ್ದವರು ಎಂಬಲ್ಲಿ: 'ದಾಖಲೆ ಬರೆಯುವ ಸಣ್ಣಯ್ಯ. ಇವರು ಎಲ್ಲ ರಿಜಿಸ್ಟರ್ ತೋರಿಸಿದರು.'

ಕೆಳಗೆ ಅವಳ ಸಹಿ.

ಫೋರ್ಜರಿ ಅಲ್ಲ. ಅವಳದೇ. ಹೋದ ಸೋಮವಾರ, ಜಾತ್ರೆ ಬಂದೋಬಸ್ತಿಗೆ ಹೊರಡುವ ಅವಸರದಲ್ಲಿ, ನಿಂತುಕೊಂಡೇ ಇಪ್ಪತ್ತೊಂಬತ್ತು ಖಾಲಿ ನಮೂನೆಗಳಿಗೆ ಹಾಕಿದ್ದ ಸಹಿಗಳಲ್ಲಿ ಒಂದು.

"ಗುರುವಾರ ಸಣ್ಣಯ್ಯ ಬದುಕಿದ್ರು ಅಂತ ಬರ್ದಿರೋರು ನೀವು," ಎಂದ ಕಾಂತರಾಜು, ಮೆಲ್ಲಗೆ. ಈಗ ಅವನು ಯಾರ ದನಿಯನ್ನೂ ಎರವಲು ತಂದಿರಲಿಲ್ಲ. "ಮಂಗಳವಾರ ಸತ್ತ ಅನ್ನೋಕೆ ನಿಮ್ಮ ಕೈಲಿ ಒಂದು ಬ್ಯಾಂಡೇಜು ಪುಸ್ತಕ ಅದೆ. ಅಲ್ಲ ಅನ್ನೋಕೆ ಸಬ್ ಇನ್‌ಸ್ಪೆಕ್ಟರ್ ಸಹಿ ಅದೆ. ಕೋರ್ಟಲ್ಲಿ ಯಾವ್ದು ತೂಗ್ತದೆ? ನಿಮ್ಮ ಸಹಿ ಸುಳ್ಳು ಅಂದ್ರೆ ನಿಮ್ಮ ಟೋಪಿ ಹೋಯ್ತು. ನಿಜ ಅಂದ್ರೆ ಮನೋಹರ ಹೋದ. ನನಗೂ ಅವನ ಮೇಲೆ ಹಗೆ ಇಲ್ಲ ಮೇಡಂ. ಒಂಬತ್ತು ವರ್ಷದಿಂದ ನನ್ನ ಮೆಷಿನ್ ನೋಡ್ಕೊಂಡವ್ನೆ."

ಹೊರಗೆ ಗಾಳಿಗೆ ಒಂದು ತಗಡು ಬಡಿದುಕೊಳ್ಳುತ್ತಿತ್ತು. ಬಿಂದುಶ್ರೀ ಸಹಿಯನ್ನೇ ನೋಡಿದಳು. ಇಪ್ಪತ್ತು ಮಿಲ್ಲುಗಳ ಸುಳ್ಳನ್ನು ಹೊತ್ತು ತಿರುಗಿದ ಸಣ್ಣಯ್ಯನಿಗೆ ಐದು ಪೆನ್ನು ಬೇಕಾಗಿತ್ತು. ಅವಳಿಗೆ ಒಂದೇ ಸಾಕಾಗಿತ್ತು.

"ಸುಳ್ಳು ಅಂತ ನಾನೇ ಹೇಳ್ತೀನಿ," ಎಂದಳು. "ಟೋಪಿ ಹೋದ್ರೆ ಹೋಗ್ಲಿ."

ಕಾಂತರಾಜು ಇದನ್ನು ಎದುರುನೋಡಿರಲಿಲ್ಲ. ಫೈಲಿನ ಮೇಲಿದ್ದ ಅವನ ಕೈ ಸಡಿಲವಾಯಿತು. ಅವಳು ಹಾಳೆ ಎಳೆದುಕೊಂಡಳು. ಆಗ ಸಹಿಯಿಂದ ಕಣ್ಣು ಮೇಲಕ್ಕೆ, ಕಾಲಮ್ಮುಗಳ ಕಡೆ ಹೋಯಿತು.

ಸಹಿ ಅವಳದು. ಬರಹ ಅವಳದಲ್ಲ. ಸಣ್ಣಯ್ಯನದೂ ಅಲ್ಲ. ಎಡಕ್ಕೆ ವಾಲಿದ, ಒತ್ತೊತ್ತಿ ಬರೆದ ಅಕ್ಷರ. ದಿನಾ ಬೆಳಿಗ್ಗೆ ಠಾಣೆಯ ಡೈರಿಯಲ್ಲಿ ನೋಡುವ ಅಕ್ಷರ.

"ಈ ಹಾಳೆ ನಿಮಗೆ ಕೊಟ್ಟೋರು ಯಾರು?"

ಕಾಂತರಾಜು ಬಾಗಿಲ ಹಿಂದಿನ ನರಸಿಂಹಸ್ವಾಮಿಯನ್ನು ನೋಡಿದ.

"ಯಾವತ್ತು ಕೊಟ್ರು, ಅದನ್ನಾದ್ರೂ ಹೇಳಿ. ಗುರುವಾರವಾ?"

"ಶನಿವಾರ. ಹೆಣ ಎತ್ತಿದ್ಮೇಲೆ. ಈ ಕೋಣೆ ಬಾಗಿಲು ಹಾಕ್ಕೊಂಡು ಒಂದು ಗಂಟೆ ಪುಸ್ತಕ ನೋಡ್ತೀನಿ ಅಂತ ಕೂತಿದ್ರು. ಅಪಘಾತದ ಪುಸ್ತಕ ಆಮೇಲಿಂದ ಕಾಣ್ತಿಲ್ಲ. ಹೊರಗೆ ಬಂದು, ಇದನ್ನ ಫೈಲಿಗೆ ಸೇರಿಸ್ಕೊ, ಮೇಡಂ ಬಂದು ಮಂಗಳವಾರದ ಮಾತೆತ್ತಿದ್ರೆ ತೋರಿಸು ಅಂದ್ರು. ನಾನು ಸಣ್ಣಯ್ಯನ ಮುಟ್ಟಿಲ್ಲ ಮೇಡಂ. ನನ್ನ ಹದಿನಾಲ್ಕು ಲೈಸೆನ್ಸಿನಲ್ಲಿ ಏಳು ಅವ್ರ ಒಂದು ಮಾತಿಗೆ ರದ್ದಾಗ್ತವೆ. ಇಲ್ಲ ಅನ್ನೋಕೆ ನನ್ನ ಕೈಲಾಗ್ಲಿಲ್ಲ."

"ಹೆಸ್ರು ಹೇಳಿ."

"ನಿಮಗೇ ಗೊತ್ತಲ್ಲ. ಅಕ್ಷರ ಗುರ್ತು ಹಿಡಿದ್ರಲ್ಲ."

ಬೈರಯ್ಯನ ಮೊಬೈಲು ಸ್ವಿಚ್ ಆಫ್. ಎರಡನೇ ಸಲವೂ ಅದೇ ಹೆಂಗಸಿನ ವಿನಯದ ದನಿ. ಅವಳು ಠಾಣೆಗೆ ಮಾಡಿದಳು. ಎತ್ತಿದ್ದು ಸಿಂಧು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಕಾನ್‌ಸ್ಟೇಬಲ್.

"ಬೈರಯ್ಯನವರಿಗೆ ಫೋನ್ ಕೊಡು."

"ಅವ್ರು ಹೊರಟ್ರಲ್ಲ ಮೇಡಂ. ಮನೋಹರನ್ನ ಜೀಪಲ್ಲಿ ಕೂರಿಸ್ಕೊಂಡು ಎರಡೂಮುಕ್ಕಾಲಿಗೇ."

"ನಾನು ಬರೋ ತನಕ ಬೇಡ ಅಂದಿದ್ನಲ್ಲ."

"ನೀವೇ ಫೋನ್ ಮಾಡಿ ಹೇಳಿದ್ರಿ ಅಂದ್ರು. ಡ್ರೈವರ್ ಬೇಡ, ನಾನೇ ಓಡಿಸ್ತೀನಿ ಅಂತ ಒಬ್ರೇ ಹೋದ್ರು."

ಡ್ರೈವರ್ ಇಲ್ಲ. ಜೊತೆಗೆ ಇನ್ನೊಬ್ಬ ಪೇದೆ ಇಲ್ಲ. ಅವಳಿಗೆ ಇದ್ದಕ್ಕಿದ್ದಂತೆ ನೆನಪಾದದ್ದು ಮಧ್ಯಾಹ್ನ ಒಂದೂವರೆಗೆ ನಿಲ್ಲದೆ ಓಡುತ್ತಿದ್ದ ಆ ಪೆನ್ನು.

"ಸಿಂಧು, ಕೈದಿ ಬೆಂಗಾವಲು ಪುಸ್ತಕ ತೆಗಿ."

"ಡ್ರಾಯರ್‌ನಲ್ಲಿ ಇಟ್ಟು, ನಾನು ಬರೋಗಂಟ ಮುಟ್ಬೇಡ ಅಂದವ್ರೆ ಮೇಡಂ."

"ತೆಗಿ. ಇವತ್ತಿನದು ಓದು."

ಡ್ರಾಯರ್ ಎಳೆದ ಸದ್ದು. ಹಾಳೆ ತಿರುವಿದ ಸದ್ದು.

"ಎರಡು ನಲವತ್ತೈದು, ಠಾಣೆಯಿಂದ ಆರೋಪಿ ಮನೋಹರನೊಂದಿಗೆ ಹೊರಟಿರುತ್ತೇನೆ." ಶಾಲೆಯಲ್ಲಿ ಪಾಠ ಓದುವ ಹುಡುಗಿಯ ದನಿಯಲ್ಲಿ ಸಿಂಧು ಓದಿದಳು. ಆಮೇಲೆ ದನಿ ತೊಡರಿತು. "ಮೇಡಂ… ಮುಂದಿನದೂ ಬರ್ದವ್ರೆ."

"ಓದು."

"ಮೂರು ಮೂವತ್ತು. ಹೇಮಾವತಿ ಸೇತುವೆ ಬಳಿ ಆರೋಪಿಯು ಮೂತ್ರಕ್ಕೆಂದು ಇಳಿದು, ನನ್ನನ್ನು ತಳ್ಳಿ, ಹೊಳೆಗೆ ಹಾರಿರುತ್ತಾನೆ. ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ." ಫೋನಿನಲ್ಲಿ ಹಾಳೆ ಮತ್ತೆ ಸದ್ದು ಮಾಡಿತು. "ಸಹಿನೂ ಹಾಕವ್ರೆ ಮೇಡಂ."

ಬಿಂದುಶ್ರೀ ವಾಚು ನೋಡಿದಳು.

ಮೂರು ಗಂಟೆ ಹನ್ನೆರಡು ನಿಮಿಷ.